ಟೋಪಿ ಇಟ್ಟ ಕ್ರಿಯಾಪದ

ನಲವತ್ತು ದಾಟಿದ ಮೇಲೆ ಹೊಸದೊಂದು ಭಾಷೆಯನ್ನು ಕಲಿಯಲು ಹೊರಡುವುದು, ಹಲ್ಲು ಅಲುಗಾಡುವ ಕಾಲದಲ್ಲಿ ಕಬ್ಬು ಸಿಗಿಯಲು ಕುಳಿತ ಹಾಗೆ. ರಸ ಸಿಕ್ಕುವುದೇನೋ ನಿಜ. ಒಸಡಿನ ಯೋಗಕ್ಷೇಮವನ್ನು ಮಾತ್ರ ಯಾರೂ ವಿಚಾರಿಸಬಾರದು. ನಾನು ಫ್ರೆಂಚ್ ಭಾಷೆಗೆ ಬಾಯಿ ಹಾಕಿದ್ದಕ್ಕೆ ಪ್ಯಾರಿಸ್ ನಗರವನ್ನು ನೋಡುವ ಹಂಬಲವಾಗಲಿ, ಅಲ್ಲಿಯ ಅಡಿಗೆಯ ಮೇಲಿನ ಚಪಲವಾಗಲಿ ಕಾರಣವಲ್ಲ. ಕಾರಣ ಒಂದು ವ್ಯಾಕರಣ ಗ್ರಂಥ. ಝ್ಯೂಲ್ ಬ್ಲಾಕ್ ಎಂಬ ಫ್ರೆಂಚ್ ವಿದ್ವಾಂಸರು ೧೯೪೬ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ರಚನೆಯನ್ನು ಕುರಿತು ಒಂದು ಪುಸ್ತಕ ಬರೆದರು. ನಮ್ಮ ಕನ್ನಡವೂ ಅದರಲ್ಲಿ ಬಂದು ಹೋಗುತ್ತದೆ. ಅದರ ಇಂಗ್ಲಿಷ್ ಅನುವಾದ ೧೯೫೪ರಲ್ಲೇ ಪುಣೆಯಿಂದ ಹೊರಟಿದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಅದು ಧಾರಾಳವಾಗಿ ಸಾಕು. ಆದರೆ ನಮ್ಮ ಮನೆಯ ಸಾರನ್ನು ದೂರದ ನೆಂಟರೊಬ್ಬರು ಹೊಗಳಿದರೆಂದು ಮೂರನೆಯವರಿಂದ ಕೇಳಿದರೆ ತೃಪ್ತಿಯಾಗುತ್ತದೆಯೆ? ಆಡಿದವರ ಬಾಯಿಂದಲೇ ಕೇಳಬೇಕು. ಹೀಗೆ, ಸಂಜೆಯ ಹೊತ್ತು ನಡೆಯುವ ಒಂದು ಫ್ರೆಂಚ್ ತರಗತಿಯಲ್ಲಿ, ನನ್ನ ವಿದ್ಯಾರ್ಥಿಗಳ ವಯಸ್ಸಿನವರ ನಡುವೆ, ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ.

ನಮಗೆ ಪಾಠ ಹೇಳಿದವರು ಪುದುಚೇರಿಯಲ್ಲಿ ಹುಟ್ಟಿ ಬೆಳೆದ ಹಿರಿಯರು. ತಮಿಳು ಅವರ ಮನೆಮಾತು, ಫ್ರೆಂಚು ಶಾಲೆಯ ಮಾತು, ಕನ್ನಡ ಬಾಡಿಗೆ ಮನೆಯ ಓಣಿಯಲ್ಲಿ ಕಲಿತ ಮಾತು. ಫ್ರೆಂಚಿನ ಪ್ರತಿ ಧಾತುವಿಗೂ ಒಂದೊಂದು ರೂಪಾವಳಿಯ ಪಟ್ಟಿ ಉಂಟಷ್ಟೆ, ಒಂದು ದಿನ ಆ ಪಟ್ಟಿಯ ಮೂಲೆಯಲ್ಲಿ ಕುಳಿತಿದ್ದ ಆರು ರೂಪಗಳ ಮೇಲೆ ಬೆರಳಿಟ್ಟು ಅವರು ಹೇಳಿದರು: “ಸಾರ್, ಇದನ್ನು ಕಂಡರೆ ಗುರುತು ಹಿಡಿಯಿರಿ, ಒಂದು ನಮಸ್ಕಾರ ಹಾಕಿ, ಮುಂದಕ್ಕೆ ಹೋಗಿ. ಮಾತಿನಲ್ಲಿ ಮಾತ್ರ ತರಬೇಡಿ. ತಂದರೆ, ಎದುರಿಗಿದ್ದವನು ನಿಮ್ಮನ್ನು ಗೋರಿಯಿಂದ ಎದ್ದು ಬಂದವರೆಂದು ತಿಳಿದಾನು.” ತರಗತಿ ನಕ್ಕಿತು. ನನಗೆ ಮಾತ್ರ ಆ ಮೂಲೆಯ ಮೇಲೆಯೇ ಕಣ್ಣು ನೆಟ್ಟಿತು. ಬೇಡವೆಂದ ಮಾವಿನ ಮರಕ್ಕೇ ಅಲ್ಲವೆ ಹುಡುಗರು ಕಲ್ಲು ಬೀರುವುದು?

ಆ ರೂಪದ ಹೆಸರು ಸುಬ್‌ಝೋಂಕ್ತಿಫ್ ಏಂಪಾರ್ಫೆ. ಇಂಗ್ಲಿಷ್ ವ್ಯಾಕರಣವನ್ನು ಓದಿದವರಿಗೆ ಸಬ್ಜಂಕ್ಟಿವ್ ಎಂಬ ಮಾತು ಪರಿಚಿತ. ಕನ್ನಡದಲ್ಲಿ ಹೇಳಬೇಕಾದರೆ ‘ಭೂತಕಾಲದ ಸಂಭಾವನಾರೂಪ’ ಎನ್ನಬಹುದೇನೋ. ಭೂತ ಎಂದರೆ ಕಳೆದುಹೋದದ್ದೆಂದೂ ಆಗುತ್ತದೆ, ದೆವ್ವವೆಂದೂ ಆಗುತ್ತದೆ. ಇದರ ಮಟ್ಟಿಗೆ ಎರಡು ಅರ್ಥವೂ ಸಲ್ಲುತ್ತದೆ.

ಫ್ರೆಂಚರ ಕ್ರಿಯಾಪದಕ್ಕೆ ಎರಡು ಉಡುಪು. ನಡೆದದ್ದನ್ನೂ ನಡೆಯುತ್ತಿರುವುದನ್ನೂ ಇದ್ದ ಹಾಗೆ ಹೇಳುವಾಗ ಒಂದು. ಬಯಕೆ, ಅಂಜಿಕೆ, ಸಂಶಯ, ಅಗತ್ಯ ಇವುಗಳ ನೆರಳಿನಲ್ಲಿ ನಿಂತಾಗ ಇನ್ನೊಂದು. ಅವನು ಬರುತ್ತಾನೆ ಎನ್ನಲು ‘ವಿಯೇಂ’. ಅವನು ಬರಲಿ ಎಂದು ಬಯಸುತ್ತೇನೆ ಎನ್ನುವಾಗ ಅದೇ ಧಾತು ‘ವಿಯೆನ್’ ಆಗುತ್ತದೆ. ಇದು ಇಂದಿನ ಬಯಕೆ. ಬಯಕೆಯೇ ನಿನ್ನೆಯದಾದರೆ? ಅವನು ಬರಲಿ ಎಂದು ಬಯಸಿದ್ದೆ ಎನ್ನುವಾಗ, ಶಿಷ್ಟ ಫ್ರೆಂಚಿನಲ್ಲಿ ಆ ‘ಬರಲಿ’ಗೂ ನಿನ್ನೆಯ ಬಣ್ಣ ಹತ್ತಬೇಕು. ಆಗ ಅದು ‘ವೇಂ’. ಇದಕ್ಕೆ ಅವರು ಕಾಲಗಳ ಹೊಂದಾಣಿಕೆ ಎನ್ನುತ್ತಾರೆ. ಮುಖ್ಯ ಕ್ರಿಯಾಪದ ಭೂತಕಾಲಕ್ಕೆ ಹೆಜ್ಜೆ ಇಟ್ಟಿತೆಂದರೆ, ಅದನ್ನು ಆತುಕೊಂಡ ಕ್ರಿಯಾಪದವೂ ತಾಯಿಯ ಸೆರಗು ಹಿಡಿದ ಮಗುವಿನಂತೆ ಹಿಂದೆಯೇ ನಡೆಯಬೇಕು. ಅವನು ಕೊನೆಗೆ ಬಂದನೋ ಇಲ್ಲವೋ ಎಂಬುದನ್ನು ಈ ರೂಪ ಹೇಳುವುದಿಲ್ಲ. ಬಯಕೆ ನಿನ್ನೆಯದು ಎಂಬಷ್ಟಕ್ಕೇ ಅದರ ಸಾಕ್ಷಿ.

ಇನ್ನು ಇದನ್ನು ಮಾಡುವ ಬಗೆ. ಇಷ್ಟು ಹೆದರಿಸುವ ಪಕ್ವಾನ್ನದ ಪಾಕ ಇಷ್ಟು ಸುಲಭವೆಂದು ನಾನು ಎಣಿಸಿರಲಿಲ್ಲ. ಫ್ರೆಂಚಿನಲ್ಲಿ ‘ಸರಳ ಭೂತ’ ಎಂಬ ಕಾಲವೊಂದಿದೆ; ಕತೆ ಹೇಳುವ ಕಾಲ. ಅದರ ಮಧ್ಯಮ ಪುರುಷ ಏಕವಚನವನ್ನು ತೆಗೆದುಕೊಳ್ಳಿ. ‘ನೀನು ಪ್ರೀತಿಸಿದೆ’ ಎಂಬುದಕ್ಕೆ ‘ತ್ಯು ಎಮಾ’. ಬರೆಯುವಾಗ ಇದರ ಕೊನೆಯಲ್ಲಿ ಒಂದು ಸಕಾರವಿದೆ; ಓದುವಾಗ ಅದು ಮೂಕ. ಈ ಸಕಾರದ ಬೆನ್ನಿಗೆ ಇನ್ನೊಂದು ಸಕಾರವನ್ನೂ ಒಂದು ಎಕಾರವನ್ನೂ ಹಚ್ಚಿದರೆ ಮೂಕ ಬಾಯಿ ಬಿಡುತ್ತಾನೆ: ‘ಎಮಾಸ್’. ನಾನು ಪ್ರೀತಿಸಲಿ ಎಂದು ಯಾರೋ ಎಂದೋ ಬಯಸಿದ್ದರು ಎಂಬ ವಾಕ್ಯಕ್ಕೆ ಬೇಕಾದ ರೂಪ ಸಿದ್ಧವಾಯಿತು. ಆರನ್ನೂ ಸಾಲಾಗಿ ಹೇಳಿದರೆ: ನಾನು ಎಮಾಸ್, ನೀನು ಎಮಾಸ್, ಅವನು ಎಮಾ, ನಾವು ಎಮಾಸ್ಯೋಂ, ನೀವು ಎಮಾಸ್ಯೇ, ಅವರು ಎಮಾಸ್.

ಪ್ರತ್ಯಯದ ಮುಂದೆ ನಿಲ್ಲುವ ಸ್ವರ ನಾಲ್ಕೇ ಬಗೆ. ಪ್ರೀತಿಸು ಮೊದಲಾದ ಬಹುಮಂದಿಗೆ ಆಕಾರ. ಮುಗಿಸು ಮೊದಲಾದವಕ್ಕೆ ಇಕಾರ. ತಿಳಿ ಮೊದಲಾದವಕ್ಕೆ ತುಟಿ ಚೂಪುಮಾಡಿ ಹೇಳುವ ಯೂಕಾರ. ಬರು, ಹಿಡಿ ಎಂಬೆರಡು ಧಾತುಗಳಿಗೂ ಅವುಗಳ ಮಕ್ಕಳು ಮರಿಗಳಿಗೂ ಮೂಗಿನಿಂದ ಹೊರಡುವ ಏಂಕಾರ. ಇರು ಎಂಬರ್ಥದ ಧಾತು ಉಳಿದ ಕಾಲಗಳಲ್ಲೆಲ್ಲ ಅಡ್ಡಾದಿಡ್ಡಿ ನಡೆಯುವ ಪುಂಡ. ಅವನೂ ಇಲ್ಲಿಗೆ ಬಂದರೆ ತಲೆ ತಗ್ಗಿಸಿ ಸಾಲಿನಲ್ಲಿ ನಿಲ್ಲುತ್ತಾನೆ. ಸೂತ್ರಕ್ಕೆ ಇಷ್ಟು ವಿಧೇಯವಾದ ರೂಪವನ್ನು ಕಂಡಿದ್ದರೆ ನಮ್ಮ ಕೇಶಿರಾಜ ಎಷ್ಟು ಹಿಗ್ಗುತ್ತಿದ್ದನೋ! ಎಲ್ಲೋ ಒಂದೆರಡು ಕಡೆ ಮಾತ್ರ ದಾರಿ ಕಟ್ಟುತ್ತದೆ. ಹಾಲು ಕರೆ ಎಂಬ ಧಾತುವಿಗೆ ಸರಳ ಭೂತವೇ ಇಲ್ಲ. ಆದುದರಿಂದ ಈ ರೂಪವೂ ಇಲ್ಲ. ಸೊಸೆ ಹಸುವನ್ನು ಕರೆಯಲಿ ಎಂದು ಫ್ರಾನ್ಸಿನ ಹಳ್ಳಿಯ ಅತ್ತೆಯೊಬ್ಬಳು ನಿನ್ನೆ ಬಯಸಿದ್ದರೆ, ಅದನ್ನು ಶಿಷ್ಟ ವ್ಯಾಕರಣದಲ್ಲಿ ನೇರವಾಗಿ ಹೇಳಲು ಸಾಧನವಿಲ್ಲ. ಆಕೆ ಏಳೆಂಟು ಮಾತು ಸುತ್ತಿ ಬಳಸಿ ಹೇಳಬೇಕು. ಅತ್ತೆಯರಿಗೆ ಅದೇನು ಕಷ್ಟವಲ್ಲ ಎನ್ನಿ.

ಪಟ್ಟಿಯಲ್ಲಿ ‘ಅವನು ಎಮಾ’ ಎಂಬಲ್ಲಿ ಸಕಾರವೇ ಕೇಳಿಸುವುದಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ನಮ್ಮ ವ್ಯಾಕರಣ ಪ್ರಥಮ ಪುರುಷವೆಂದು ಕರೆಯುವ ಈ ಅವನು, ಅವಳು ಎಂಬವರಿಗೆ ಬೇರೆ ಗುರುತು: ಸ್ವರದ ನೆತ್ತಿಯ ಮೇಲೆ, ಎರಡು ಕಡ್ಡಿ ಆನಿಸಿದಂತೆ, ಒಂದು ಪುಟ್ಟ ಟೋಪಿ. ಈ ಟೋಪಿಗೂ ಒಂದು ಚರಿತ್ರೆಯಿದೆ. ಲ್ಯಾಟಿನ್ನಿನ ‘ಅಮಾವಿಸ್ಸೆತ್’ ಸವೆದು ‘ಅಮಾಸ್ಸೆತ್’ ಆಯಿತು. ಹಳೆಯ ಫ್ರೆಂಚಿನಲ್ಲಿ ‘ಅಮಾಸ್ತ್’ ಆಯಿತು. ಕಾಲಕ್ರಮದಲ್ಲಿ ಆಡುವ ಬಾಯಿ ಆ ಸಕಾರವನ್ನು ಬಿಟ್ಟಿತು, ಬರೆಯುವ ಕೈ ಮಾತ್ರ ಬಿಡಲಿಲ್ಲ. ಕೊನೆಗೆ ೧೭೪೦ರಲ್ಲಿ ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನ ಮೂರನೆಯ ಮುದ್ರಣದಲ್ಲಿ ಇಂಥ ಮೂಕ ಸಕಾರಗಳನ್ನು ಹೇರಳವಾಗಿ ತೆಗೆದುಹಾಕಿ, ಅವು ಇದ್ದ ಕಡೆ ಟೋಪಿ ಇಟ್ಟಿತು. ನಮ್ಮಲ್ಲಿ ಟೋಪಿ ಹಾಕುವುದೆಂದರೆ ಬೇರೆ ವ್ಯವಹಾರ. ಅಲ್ಲಿ ಅದು ಮಡಿದ ಅಕ್ಷರಕ್ಕೆ ನಿಲ್ಲಿಸಿದ ವೀರಗಲ್ಲು. ದ್ವೇಷಿಸು ಎಂಬ ಧಾತುವಿಗೆ ಮಾತ್ರ ಆ ಮರ್ಯಾದೆ ಇಲ್ಲ. ಅದರ ಇಕಾರದ ತಲೆಯ ಮೇಲೆ ಮೊದಲೇ ಎರಡು ಚುಕ್ಕೆ ಕುಳಿತಿರುವುದರಿಂದ ಟೋಪಿಗೆ ಜಾಗವಿಲ್ಲ.

ಈ ಟೋಪಿಯನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ‘ಅವನು ಇದ್ದನು’ ಎಂಬುದಕ್ಕೆ ‘ಫ್ಯೂ’. ‘ಅವನು ಇರಲಿ’ ಎಂದು ಹಿಂದೆ ಬಯಸಿದ್ದಕ್ಕೂ ‘ಫ್ಯೂ’. ಕಿವಿಗೆ ಎರಡೂ ಒಂದೇ. ಕಣ್ಣಿಗೆ, ಒಂದು ಬೋಳುತಲೆ, ಇನ್ನೊಂದಕ್ಕೆ ಟೋಪಿ. ನಡೆದದ್ದಕ್ಕೂ ಬರಿದೇ ಬಯಸಿದ್ದಕ್ಕೂ ನಡುವೆ ಇರುವ ಗೋಡೆ ಆ ಎರಡು ಕಡ್ಡಿಯಷ್ಟೇ ದಪ್ಪ. ೧೯೯೦ರಲ್ಲಿ ಕಾಗುಣಿತವನ್ನು ಹಗುರ ಮಾಡಲು ಹೊರಟವರು ಇಕಾರ ಯೂಕಾರಗಳ ಮೇಲಿನ ಟೋಪಿಯನ್ನು ಬೇಕಾದರೆ ಇಡಿ, ಬೇಡವಾದರೆ ಬಿಡಿ ಎಂದರು. ಆದರೆ ಈ ರೂಪದ ಟೋಪಿಗೆ ಕೈ ಹಚ್ಚಲಿಲ್ಲ. ಅವರಿಗೂ ಗೊತ್ತಿತ್ತು, ಇಲ್ಲಿ ಟೋಪಿ ಬಿದ್ದರೆ ‘ಆಯಿತು’ ಎಂಬುದೂ ‘ಆಗಲಿ’ ಎಂಬುದೂ ಬರೆಹದಲ್ಲಿಯೂ ಒಂದೇ ಆಗಿಬಿಡುತ್ತದೆ ಎಂದು.

ಇಷ್ಟು ಶಿಸ್ತಿನ ರೂಪ ಬಾಯಿಂದ ಏಕೆ ಜಾರಿತು? ಒಂದು ಕಾರಣ ನಗು. ಫ್ರೆಂಚಿನಲ್ಲಿ ‘ಆಸ್’ ಎಂದು ಮುಗಿಯುವ ಶಬ್ದಗಳಲ್ಲಿ ಹಲವಕ್ಕೆ ತಾತ್ಸಾರದ ಅರ್ಥವಿದೆ. ಕೆಲಸಕ್ಕೆ ಬಾರದ ಕಾಗದದ ಕಂತೆ ‘ಪಾಪ್ರಾಸ್’. ಸಪ್ಪೆ ಸಪ್ಪೆಯಾದದ್ದು ‘ಫಾದಾಸ್’. ಪಾತ್ರೆ ತೊಳೆದ ನೀರಿನಂಥ ಕಾಫಿ ‘ಲಾವಾಸ್’. ಈಗ ತೊಳೆ ಎಂಬ ಧಾತುವನ್ನೇ ನಮ್ಮ ಸೂತ್ರಕ್ಕೆ ಹಾಕಿ ನೋಡಿ. ‘ನಾನು ತೊಳೆಯಲಿ ಎಂದು ಅಮ್ಮ ಬಯಸಿದಳು’ ಎಂಬ ವಾಕ್ಯದಲ್ಲಿ ಬಂದು ನಿಲ್ಲುವುದು ಅದೇ ‘ಲಾವಾಸ್’! ತಾಯಿಯ ಬಯಕೆ ಕೆಟ್ಟ ಕಾಫಿಯಾಯಿತು. ‘ನಮಗೆ ತಿಳಿಯಲಿ’ ಎಂಬರ್ಥದಲ್ಲಿ ಗಂಭೀರವಾಗಿ ‘ಸ್ಯೂಸ್ಯೋಂ’ ಎಂದರೆ, ಕೇಳಿದವನಿಗೆ ‘ನಾವು ಚೀಪುತ್ತಿದ್ದೆವು’ ಎಂದು ಕೇಳಿಸುತ್ತದೆ. ಅಲ್ಫೋಂಸ್ ಅಲೆ (೧೮೫೪–೧೯೦೫) ಎಂಬ ವಿನೋದ ಲೇಖಕನ ಹೆಸರಿನಲ್ಲಿ ಅಚ್ಚಾಗುತ್ತ ಬಂದಿರುವ ಪ್ರಣಯದ ಅಳಲಿನ ಪದ್ಯವೊಂದರಲ್ಲಿ, ಪ್ರೇಮಿ ಈ ರೂಪಗಳನ್ನೇ ಮಾಲೆಯಾಗಿ ಪೋಣಿಸುತ್ತ ಹೋಗುತ್ತಾನೆ. ಅವನ ವ್ಯಾಕರಣ ಶುದ್ಧವಾದಷ್ಟೂ ಪ್ರೇಮ ನಗೆಪಾಟಲಾಗುತ್ತದೆ. ಸರ್ಕಾರ ಬೇಡವೆಂದ ಮಾತನ್ನು ಜನ ಹಟ ಹಿಡಿದು ಆಡಬಹುದು. ನೆರೆಯವನು ನಗುವ ಮಾತನ್ನು ಆಡಲು ಎಂಟೆದೆ ಬೇಕು.

ಇನ್ನೊಂದು ಕಾರಣ ಆಳದ್ದು. ಈ ರೂಪ ಹುಟ್ಟುವುದು ಸರಳ ಭೂತದ ಹೊಟ್ಟೆಯಲ್ಲಿ ಎಂದೆನಷ್ಟೆ. ಆ ತಾಯಿಯೇ ಮಾತಿನಿಂದ ಕಣ್ಮರೆಯಾದಳು. ೧೬೬೦ರಲ್ಲಿ ಆರ್ನೋ ಮತ್ತು ಲಾಂಸ್ಲೋ ಎಂಬಿಬ್ಬರು ಬರೆದ ಪೋರ್ ರೊಯಾಲ್ ವ್ಯಾಕರಣದಲ್ಲಿ, ಈ ಸರಳ ಭೂತ ಸಲ್ಲುವುದು ಕಡಮೆಪಕ್ಷ ಒಂದು ದಿನ ಹಿಂದಿನ ಸಂಗತಿಗೆ ಎಂದು ಹೇಳಿದೆ. ಇದನ್ನು ಓದಿದಾಗ ಎಲ್ಲಿಯೋ ಊರಾಚೆ ನಮ್ಮ ಬೀದಿಯವರೊಬ್ಬರನ್ನು ಕಂಡಂತಾಯಿತು. ನಮ್ಮ ಸಂಸ್ಕೃತ ವೈಯಾಕರಣರ ಅನದ್ಯತನ ಭೂತವೂ ಇದೇ ಅಲ್ಲವೆ? ಇಂದಿನದಲ್ಲದ ಭೂತ. ಆದರೆ ಫ್ರೆಂಚರು ಮಾತಿನಲ್ಲಿ ಇಂದಿನದಕ್ಕೂ ನೂರು ವರ್ಷ ಹಿಂದಿನದಕ್ಕೂ ಒಂದೇ ಸಂಯುಕ್ತ ರೂಪವನ್ನು ಬಳಸಲು ತೊಡಗಿದರು. ಆಂತ್ವಾನ್ ಮೆಯ್ಯೆ ಎಂಬ ಮಹಾ ಭಾಷಾವಿಜ್ಞಾನಿ ೧೯೦೯ರಲ್ಲಿಯೇ ಈ ಸರಳ ಭೂತದ ಕಣ್ಮರೆಯನ್ನು ಕುರಿತು ಲೇಖನ ಬರೆದಿದ್ದಾನೆ. ಚಪ್ಪರ ಬಿದ್ದ ಮೇಲೆ ಬಳ್ಳಿ ಎಲ್ಲಿ ನಿಂತೀತು? ‘ತ್ಯು ಎಮಾ’ ಎಂದು ಯಾರೂ ಆಡದ ಮೇಲೆ, ಅದಕ್ಕೆ ಪ್ರತ್ಯಯ ಹಚ್ಚಿ ‘ಎಮಾಸ್’ ಮಾಡುವವರು ಯಾರು?

ಸರ್ಕಾರ ಬಂದದ್ದು ಅಂತ್ಯಕ್ರಿಯೆಗೆ. ೧೯೦೧ರ ಫೆಬ್ರವರಿ ೨೬ರಂದು ಶಿಕ್ಷಣ ಮಂತ್ರಿ ಝೋರ್ಝ್ ಲೇಗ್ ಹೊರಡಿಸಿದ ಆಜ್ಞೆಯ ಪ್ರಕಾರ, ‘ಅವನು ಬರಬೇಕಾದೀತು’ ಎಂಬಂಥ ವಾಕ್ಯದಲ್ಲಿ ವಿದ್ಯಾರ್ಥಿ ‘ವೇಂ’ ಎನ್ನದೆ ‘ವಿಯೆನ್’ ಎಂದು ಬರೆದರೂ ಪರೀಕ್ಷಕ ತಪ್ಪೆಂದು ಎಣಿಸಬಾರದು. ೧೯೭೬ರ ಡಿಸೆಂಬರ್ ೨೮ರ ಆಜ್ಞೆ ಇನ್ನೂ ಉದಾರವಾಯಿತು: ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದರೂ ಸರಿಯೆ, ವರ್ತಮಾನದ ರೂಪ ನಡೆಯುತ್ತದೆ. ಎರಡು ಆಜ್ಞೆಗಳೂ ಹಳೆಯ ರೂಪವನ್ನು ನಿಷೇಧಿಸಲಿಲ್ಲ. ಬಿಟ್ಟವನ ಅಂಕ ಕಳೆಯಬೇಡಿ ಎಂದವಷ್ಟೆ. ಇಂದಿನ ಫ್ರೆಂಚ್ ತಾಯಿ ಮಗನಿಗೆ ‘ನೀನು ಬರಲಿ ಎಂದು ಬಯಸಿದ್ದೆ’ ಎನ್ನುವಾಗ, ಬಯಸಿದ್ದು ನಿನ್ನೆಯಾದರೂ ಬರುವುದನ್ನು ಇಂದಿನ ರೂಪದಲ್ಲಿಯೇ ಇಡುತ್ತಾಳೆ. ಮಾತಿನಲ್ಲಿ ಹಳೆಯದನ್ನು ಬೇಕೆಂದೇ ತಂದು ಮೆರೆಸಿದವರೂ ಉಂಟು. ಬಲಪಂಥದ ರಾಜಕಾರಣಿ ಝಾಂ ಮಾರಿ ಲ ಪೆನ್ ತನ್ನ ಭಾಷಣಗಳಲ್ಲಿ ಹಾಗೆ ಮಾಡುತ್ತಿದ್ದುದು ಪ್ರಸಿದ್ಧ. ಬಯಕೆಯನ್ನು ಹೇಳಲೆಂದು ಹುಟ್ಟಿದ ರೂಪ, ಹೀಗೆ, ಆಡುವವನ ವಿದ್ಯೆಯನ್ನು ಸಾರುವ ಜರಿಶಲ್ಯವಾಗಿ ಉಳಿಯಿತು.

ಪುಸ್ತಕಗಳಲ್ಲಿ ಅದು ಇನ್ನೂ ಜೀವ ಹಿಡಿದುಕೊಂಡಿದೆ. ಆದರೆ ಅಲ್ಲಿಯೂ ಒಂದು ವಿಚಿತ್ರವನ್ನು ಕಂಡೆ. ಆರು ರೂಪಗಳೂ ಸಮನಾಗಿ ಉಳಿದಿಲ್ಲ. ಈಗಿನ ಬರೆಹದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಟೋಪಿ ಇಟ್ಟ ಪ್ರಥಮ ಪುರುಷ: ಅವನು ಬರಲಿ ಎಂದು ಅವಳು ಬಯಸಿದ್ದಳು, ಅದು ಆಗಲಿ ಎಂದು ಅವರು ಕಾದಿದ್ದರು. ‘ವೇಂ’, ‘ಫ್ಯೂ’, ‘ಎಮಾ’ ಎಂಬ ಈ ರೂಪಗಳು ಗಿಡ್ಡವಾಗಿವೆ, ಸರಳ ಭೂತದಂತೆಯೇ ಕೇಳಿಸುತ್ತವೆ, ನಗೆ ತರಿಸುವುದಿಲ್ಲ. ‘ನಾನು ಬರಲಿ ಎಂದು ಅವಳು ಬಯಸಿದ್ದಳು’ ಎನ್ನಬೇಕಾದರೆ ಮಾತ್ರ ‘ವೇಂಸ್’ ಎಂದು ಹಲ್ಲು ಕಿರಿಯಬೇಕು. ಅದನ್ನು ಬರೆಯುವ ಧೈರ್ಯ ಅಪರೂಪ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಉತ್ತಮ ಪುರುಷನೇ ಮೊದಲು ಕಾಲವಾದ. ಪಕ್ಕದ ಮನೆಯವನಿಗಾಗಿ ಯಾರೋ ಕಾದಿದ್ದರೆಂಬುದನ್ನು ಹಳೆಯ ಘನತೆಯಿಂದ ಬರೆಯಬಹುದು. ನನಗಾಗಿ ಒಬ್ಬರು ಕಾದಿದ್ದರೆಂಬುದನ್ನು ಹಾಗೆ ಬರೆದರೆ ನಗುತ್ತಾರೆ.

ಸಂಸ್ಕೃತದಲ್ಲಿ ನಡೆದದ್ದು ಇದರ ತಿರುಗುಮುರುಗು. ಪಾಣಿನಿ ಲೇಟ್ ಎಂಬ ಲಕಾರವನ್ನು ವೇದದ ಪ್ರಯೋಗಕ್ಕೆಂದು ಪ್ರತ್ಯೇಕಿಸಿ ಹೇಳಿದ್ದಾನೆ. ಫ್ರೆಂಚಿನ ಸಂಭಾವನಾರೂಪಕ್ಕೆ ಅದು ದೂರದ ದಾಯಾದಿ. ಋಗ್ವೇದದ ಮೊದಲನೆಯ ಸೂಕ್ತದಲ್ಲೇ ಅದು ಬರುತ್ತದೆಂದು ಈಗಿನ ವೈದಿಕ ವ್ಯಾಕರಣಕಾರರು ತೋರಿಸುತ್ತಾರೆ. ಕಾವ್ಯಗಳ ಸಂಸ್ಕೃತಕ್ಕೆ ಬರುವ ವೇಳೆಗೆ ಲೇಟ್ ಇಲ್ಲ. ಆದರೆ ಪೂರ್ತಿ ಅಳಿಯಲಿಲ್ಲ. ಲೋಟ್ ಲಕಾರದ ಉತ್ತಮ ಪುರುಷದಲ್ಲಿ ‘ಗಚ್ಛಾನಿ’, ‘ಕರವಾಣಿ’ ಎಂದು ನಾವು ಬಾಯಿಪಾಠ ಮಾಡಿದ ರೂಪಗಳು ಹುಟ್ಟಿನಿಂದ ಲೇಟಿನ ಮನೆಯವೇ; ಮನೆ ಬಿದ್ದಾಗ ಪಕ್ಕದ ಮನೆಗೆ ಬಂದು ಸೇರಿಕೊಂಡವು. ಅಲ್ಲಿ ‘ಅವನು’ ಹೋಗಿ ‘ನಾನು’ ಉಳಿದೆ. ಫ್ರೆಂಚಿನಲ್ಲಿ ‘ನಾನು’ ಹೋಗಿ ‘ಅವನು’ ಉಳಿದ. ಯಾವ ಭಾಷೆ ತನ್ನ ಹಳೆಯ ಸಾಮಾನಿನಲ್ಲಿ ಯಾವುದನ್ನು ಅಟ್ಟದ ಮೇಲಿಡುತ್ತದೆ, ಯಾವುದನ್ನು ಅಡಿಗೆಮನೆಯಲ್ಲಿಯೇ ಇಟ್ಟುಕೊಳ್ಳುತ್ತದೆ ಎಂಬುದನ್ನು ಮೊದಲೇ ಹೇಳಬಲ್ಲ ಜೋಯಿಸ ಇನ್ನೂ ಹುಟ್ಟಿಲ್ಲ.

ಕನ್ನಡದ ಸಂಭಾವನಾರೂಪ ಪುಣ್ಯಕ್ಕೆ ಇನ್ನೂ ಅಡಿಗೆಮನೆಯಲ್ಲಿಯೇ ಇದೆ. ‘ಮಳೆ ಬಂದೀತು, ಕೊಡೆ ತಗೊಂಡು ಹೋಗು’, ‘ಜಾರಿ ಬಿದ್ದೀಯ, ಜೋಕೆ’ ಎಂದು ಈಗಲೂ ಹಿರಿಯರು ಹೇಳುವುದುಂಟು. ಈ ರೂಪಗಳನ್ನು ಒಮ್ಮೆ ಬಿಡಿಸಿ ನೋಡಿ. ಮಳೆ ಬರುವುದು ಇನ್ನು ಮೇಲೆ. ಆದರೆ ಪದದ ಒಳಗೆ ಇರುವುದು ‘ಬಂದ’ ಎಂಬ ಭೂತದ ಅಂಗ. ಇನ್ನೂ ಬೀಳದವನಿಗೆ ‘ಬಿದ್ದ’ ಎಂಬುದರಿಂದಲೇ ಎಚ್ಚರಿಕೆ. ಫ್ರೆಂಚರೂ ತಮ್ಮ ‘ವೇಂ’ ಎಂಬುದನ್ನು ಭೂತದ ಅಂಗದಿಂದಲೇ ಮಾಡಿದರಲ್ಲವೆ? ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು, ಖಚಿತವಲ್ಲದ್ದನ್ನು ಹೇಳಬೇಕಾದಾಗ, ಆಗಿಹೋದದ್ದರ ಚೀಲಕ್ಕೇ ಕೈ ಹಾಕಿದವು. ಮನುಷ್ಯನ ಹತ್ತಿರ ಬೇರೆ ಚೀಲ ಇಲ್ಲವೇನೋ.

ಆದರೆ ಒಂದು ವಿಷಯದಲ್ಲಿ ನಮ್ಮ ದಾರಿ ಬೇರೆ. ಕಾಲಗಳ ಹೊಂದಾಣಿಕೆ ಎಂಬ ಕಟ್ಟುಪಾಡು ಕನ್ನಡಕ್ಕಿಲ್ಲ. ಬಯಸಿದ್ದು ನಿನ್ನೆಯಾಗಲಿ, ಮುತ್ತಜ್ಜನ ಕಾಲದಲ್ಲಾಗಲಿ, ಬಯಸಿದ್ದನ್ನು ‘ಬರಲಿ’ ಎಂದೇ ಹೇಳಿ, ಅದಕ್ಕೊಂದು ‘ಎಂದು’ ಹಚ್ಚುತ್ತೇವೆ. ಈ ‘ಎಂದು’ ಎಂಬುದು ಉಪ್ಪಿನಕಾಯಿಯ ಭರಣಿ ಇದ್ದ ಹಾಗೆ. ಒಳಗೆ ಹಾಕಿದ ಮಾತು ಹಾಕಿದ ದಿನದ ರುಚಿಯಲ್ಲೇ ಇರುತ್ತದೆ. ಬಯಸಿದವರು ಹಳಬರಾಗಬಹುದು, ಬಯಕೆ ಹಳತಾಗುವುದಿಲ್ಲ.

ನಮ್ಮ ತಂದೆ, ಮೊಮ್ಮಗಳು ಹುಟ್ಟಿದ ವರ್ಷ, ಊರಿನ ಮನೆಯ ಮುಂದೆ ಒಂದು ಹಲಸಿನ ಬೀಜ ಊರಿದರು. ಬೀಜದಿಂದ ಬಂದ ಹಲಸು ಕಾಯಿ ಕಚ್ಚಬೇಕಾದರೆ ಏಳೆಂಟು ವರ್ಷ ಕಾಯಬೇಕು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಲೆಕ್ಕ ಅವರಿಗೆ ಬಾರದೆ ಇರಲಿಲ್ಲ; ಆದುದರಿಂದಲೇ ‘ನಾನು ತಿನ್ನುತ್ತೇನೆ’ ಎನ್ನಲಿಲ್ಲ, ‘ಇದರ ಮೊದಲ ಹಣ್ಣನ್ನು ಕೂಸು ತಿನ್ನಲಿ’ ಎಂದರು. ಐದನೆಯ ವರ್ಷ ಅವರು ತೀರಿಕೊಂಡರು. ಮರುವರ್ಷ ರಸ್ತೆ ಅಗಲವಾಯಿತು; ಮನೆಯ ಮುಂದಿನ ಜಗಲಿಯ ಜೊತೆಗೆ ಮರವೂ ಹೋಯಿತು. ಆಗಿನ್ನೂ ಅದು ಹೂ ಬಿಟ್ಟಿರಲಿಲ್ಲ.

ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಹಲಸೆಂದರೆ ಅವಳಿಗೆ ಪ್ರಾಣ. ಬೇಸಗೆಯಲ್ಲಿ ಮಾರುಕಟ್ಟೆಯಿಂದ ತಂದ ಹಣ್ಣನ್ನು ಕೈಗೆ ಎಣ್ಣೆ ಸವರಿಕೊಂಡು ಬಿಡಿಸುವಾಗ ನನ್ನ ಹೆಂಡತಿ ಪ್ರತಿ ಸಲವೂ ಹೇಳುತ್ತಾಳೆ: “ಮಾವನವರು ಕೂಸು ತಿನ್ನಲಿ ಅಂತಿದ್ರು.” ಬೀಜ ಊರಿದವರಿಲ್ಲ, ಮರವಿಲ್ಲ, ಕೂಸು ಕೂಸಾಗಿ ಉಳಿದಿಲ್ಲ. ‘ತಿನ್ನಲಿ’ ಎಂಬುದು ಮಾತ್ರ ಭರಣಿಯಿಂದ ಈಗ ತಾನೇ ತೆಗೆದಂತೆ ಬರುತ್ತದೆ. ಕೇಳಿದಾಗ ಒಮ್ಮೊಮ್ಮೆ ಹಿತವಾಗುತ್ತದೆ. ಒಮ್ಮೊಮ್ಮೆ, ಯಾರೋ ಬಾಗಿಲಲ್ಲಿ ನಿಂತು ಸಾಲ ಕೇಳಿದಂತಾಗುತ್ತದೆ.

ಶಿಷ್ಟ ಫ್ರೆಂಚಿನಲ್ಲಿ ಆ ಬಯಕೆ ಹೀಗೆ ಬಾಗಿಲಿಗೆ ಬರಲಾರದು. ಬಯಸಿದವರ ಕಾಲದೊಂದಿಗೆ ಅದನ್ನೂ ಮಲಗಿಸಿ, ಮೇಲೆ ಟೋಪಿ ಇಟ್ಟು, ಕೈ ಮುಗಿದು ಬರುತ್ತಾರೆ. ಮೊದಲು ನನಗೆ ಅದು ಕಠೋರವಾಗಿ ಕಂಡಿತು. ಈಗ ಹಾಗೆನಿಸುವುದಿಲ್ಲ. ಮುಗಿದ ಬಯಕೆಯನ್ನು ಮುಗಿಯಿತು ಎನ್ನಲು ಒಂದು ರೂಪ ಇರುವುದೂ ಭಾಷೆ ಮಾಡಿಕೊಡುವ ದೊಡ್ಡ ಉಪಕಾರವೇ. ಅಂಥ ರೂಪವೊಂದನ್ನು ನಗೆಗೆ ಹೆದರಿ ಬಿಟ್ಟುಕೊಟ್ಟವರು, ನಮ್ಮ ಹಾಗೆಯೇ, ಇನ್ನು ಮೇಲೆ ತೀರಿಹೋದವರ ಬಯಕೆಗಳನ್ನು ವರ್ತಮಾನದಲ್ಲಿ ಹೊತ್ತು ನಡೆಯಬೇಕು. ಹೊತ್ತಾರು, ನಾವು ಹೊರುತ್ತಿಲ್ಲವೆ?

‘ಯಾರೂ ಆಡದ ರೂಪವನ್ನು ಏಕೆ ಕಲಿಯಬೇಕು ಸಾರ್?’ ಎಂದು ನನ್ನ ತರಗತಿಯಲ್ಲಿ ಹುಡುಗರು ಹಳಗನ್ನಡವನ್ನು ಕುರಿತು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆಡುವುದಕ್ಕಲ್ಲಪ್ಪ, ಓದುವುದಕ್ಕೆ. ಹಿಂದಿನವರು ಏನನ್ನು ಮಾಡಿದರು, ಏನನ್ನು ಬರಿದೇ ಬಯಸಿದರು ಎಂಬೆರಡನ್ನೂ ಬೇರೆ ಮಾಡಿ ತಿಳಿಯಬೇಕಾದರೆ ಅವರ ಕ್ರಿಯಾಪದ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವರ ಬಯಕೆಗಳನ್ನೆಲ್ಲ ಚರಿತ್ರೆಯೆಂದೋ, ಚರಿತ್ರೆಯನ್ನೆಲ್ಲ ಬಯಕೆಯೆಂದೋ ಓದಿಬಿಟ್ಟೇವು.

ಮೊನ್ನೆ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ತಿನ್ನು ಎಂಬ ಧಾತುವಿನ ಪಟ್ಟಿಯನ್ನು ತೆರೆದು ತಂದೆಯವರ ಮಾತನ್ನು ಫ್ರೆಂಚಿನಲ್ಲಿ ಬರೆದು ನೋಡಿದೆ. ‘ಅವಳು ತಿನ್ನಲಿ ಎಂದಿದ್ದರು’. ಆ ‘ತಿನ್ನಲಿ’ಗೆ ಸೂತ್ರದಂತೆ ‘ಮಾಂಝಾ’ ಬಂತು. ಆಕಾರದ ಮೇಲೆ ಟೋಪಿ, ಕೊನೆಗೊಂದು ಮೂಕ ತಕಾರ. ಆಮೇಲೆ ‘ಅವಳು ತಿಂದಳು’ ಎಂಬುದನ್ನೂ ಕೆಳಗೆ ಬರೆದೆ. ಅದೂ ‘ಮಾಂಝಾ’, ಟೋಪಿಯಿಲ್ಲ, ತಕಾರವಿಲ್ಲ. ಎರಡನ್ನೂ ಮೆಲ್ಲಗೆ ಗಟ್ಟಿಯಾಗಿ ಓದಿದೆ. ಕಿವಿಗೆ ಒಂದಿಷ್ಟೂ ಭೇದ ತಿಳಿಯಲಿಲ್ಲ.